ವಿಡಿಕಮ್‌ಗೆ (ವೈಡ್‌ಕೂಂಬ್) ಹೊರಟವರಿಗೆ: ಬೋಳುಗುಡ್ಡದ ಊರು, ಅಲ್ಲಿಯ ಜನ, ಅವರ ಕುರಿ

ಪ್ರಶ್ನೆ: ನಾವು ಸಿದ್ದಾಪುರದ ಕಡೆಯ ಅಡಕೆ ತೋಟದವರು. ಮಗ ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿ ಕೆಲಸದಲ್ಲಿದ್ದಾನೆ. ಸೆಪ್ಟೆಂಬರ್‌ನಲ್ಲಿ ನಾನೂ ಯಜಮಾನರೂ ಅವನಲ್ಲಿಗೆ ಹೊರಟಿದ್ದೇವೆ. ಡಾರ್ಟ್‌ಮೂರ್ ಎಂಬ ಬೋಳುಗುಡ್ಡದ ಸೀಮೆಯಲ್ಲಿ ವೈಡ್‌ಕೂಂಬ್ ಅಂತ ಒಂದು ಹಳ್ಳಿಯಿದೆಯಂತೆ, ಅಲ್ಲಿ ಎರಡು ದಿನ ಇದ್ದು ಬರೋಣ ಅಂತಾನೆ. ಮರವೇ ಇಲ್ಲದ ಗುಡ್ಡದಲ್ಲಿ ನೋಡುವುದೇನಿದೆ? ಕಾಡುಕುದುರೆಗಳು ರಸ್ತೆಯಲ್ಲೇ ಓಡಾಡುತ್ತವಂತೆ, ಭಯವಿಲ್ಲವೆ? ಊರವರು ಹೊರಗಿನವರ ಜೊತೆ ಮಾತಾಡುತ್ತಾರೆಯೇ? ನಾವು ಮೊಟ್ಟೆಯನ್ನೂ ಮುಟ್ಟುವವರಲ್ಲ. ಯಜಮಾನರಿಗೆ ಮಂಡಿನೋವು ಬೇರೆ.

ಉತ್ತರ: ಕುದುರೆಯಿಂದಲೇ ಶುರುಮಾಡೋಣ. ಅದು ತಿಳಿದರೆ ಊರು ಅರ್ಧ ತಿಳಿದಂತೆ.

ನಿಮ್ಮ ಮಗ ಹೇಳಿದ ಕಾಡುಕುದುರೆಗಳು ಕಾಡಿನವಲ್ಲ. ಡಾರ್ಟ್‌ಮೂರ್‌ನಲ್ಲಿ ಮೇಯುವ ಪ್ರತಿಯೊಂದು ಪೋನಿಗೂ (ಗಿಡ್ಡ ಕುದುರೆ), ಪ್ರತಿಯೊಂದು ಕುರಿಗೂ, ದನಕ್ಕೂ ಒಬ್ಬ ಯಜಮಾನನಿದ್ದಾನೆ. ಬೇಲಿಯಿಲ್ಲದ ಗುಡ್ಡದಲ್ಲಿ ಬಿಟ್ಟಿರುತ್ತಾರೆ ಅಷ್ಟೆ. ಶರತ್ಕಾಲದಲ್ಲಿ ಊರವರೆಲ್ಲ ಸೇರಿ, ಕೆಲವರು ಕುದುರೆಯೇರಿ, ಕೆಲವರು ನಾಲ್ಕು ಚಕ್ರದ ಬೈಕಿನಲ್ಲಿ, ಕೆಲವರು ನಡೆದೇ ಗುಡ್ಡ ಬಳಸಿ, ಪೋನಿಗಳನ್ನು ಅಟ್ಟಿಕೊಂಡು ಬಂದು ದೊಡ್ಡಿಗೆ ಕೂಡುತ್ತಾರೆ. ಇದಕ್ಕೆ ಅಲ್ಲಿ ‘ಡ್ರಿಫ್ಟ್’ ಎನ್ನುತ್ತಾರೆ. ಗುರುತು ನೋಡಿ ಯಾರದು ಯಾರದೆಂದು ಬೇರ್ಪಡಿಸಿ, ಮರಿ ಬಿಡಿಸಿ, ಮಾರುವುದನ್ನು ಮಾರಿ ಉಳಿದವನ್ನು ಮತ್ತೆ ಗುಡ್ಡಕ್ಕೆ ಬಿಡುತ್ತಾರೆ.

ಗುಡ್ಡ ಯಾರದು ಎಂದು ಕೇಳಿದರೆ ಉತ್ತರ ಸ್ವಲ್ಪ ಸುತ್ತಿಬಳಸಿ ಬರುತ್ತದೆ. ಡಾರ್ಟ್‌ಮೂರ್‌ನ ನಡುವಿನ ದೊಡ್ಡ ಪಾಲು ಯುವರಾಜರ ಆಸ್ತಿಯಾದ ಡಚಿ ಆಫ್ ಕಾರ್ನ್‌ವಾಲ್‌ಗೆ ಸೇರಿದ್ದು. ಉಳಿದದ್ದು ಬೇರೆ ಬೇರೆ ಭೂಮಾಲೀಕರದು. ಆದರೆ ಅದರ ಮೇಲೆ ಮೇಯಿಸುವ ಹಕ್ಕು ಸುತ್ತಲಿನ ಹೊಲಮನೆಗಳದ್ದು. ಹಕ್ಕು ಅಂಟಿಕೊಂಡಿರುವುದು ಮನುಷ್ಯನಿಗಲ್ಲ, ಜಮೀನಿಗೆ. ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನಿಮ್ಮ ತೋಟಕ್ಕೆ ಸೊಪ್ಪಿನ ಬೆಟ್ಟ ಹೇಗೋ, ಅವರ ಹೊಲಕ್ಕೆ ಈ ಬೋಳುಗುಡ್ಡ ಹಾಗೆ. ಬೆಟ್ಟ ಸರ್ಕಾರದ್ದಾದರೂ ಸೊಪ್ಪು ಕಡಿಯುವ ಹಕ್ಕು ತೋಟದವನದು, ಗುಡ್ಡ ಡಚಿಯದಾದರೂ ಹುಲ್ಲು ಹೊಲದವನ ಕುರಿಯದು. ಮೇವಷ್ಟೇ ಅಲ್ಲ, ಒಲೆಗೆ ಉರುವಲಾಗಿ ಪೀಟ್ ಎಂಬ, ಗಿಡ ಕೊಳೆತು ಆದ ಮಣ್ಣು ಕಡಿದುಕೊಳ್ಳುವ ಹಕ್ಕೂ ಕೆಲವು ಮನೆಗಳಿಗಿತ್ತು. ಇಂಥ ಹಕ್ಕುಳ್ಳವರನ್ನು ‘ಕಾಮನರ್’ ಎನ್ನುತ್ತಾರೆ. ಸುಮಾರು 36 ಸಾವಿರ ಹೆಕ್ಟೇರ್ ಹೀಗೆ ಕೂಡುಬಳಕೆಯಲ್ಲಿದೆ. 1985ರ ಡಾರ್ಟ್‌ಮೂರ್ ಕಾಮನ್ಸ್ ಕಾಯ್ದೆ ಈ ಕಾಮನರ್‌ಗಳಿಗೆ ಒಂದು ಮಂಡಳಿ ಮಾಡಿಕೊಟ್ಟಿತು. ಅದೇ ಕಾಯ್ದೆ ಸಾರ್ವಜನಿಕರಿಗೆ ಆ ಗುಡ್ಡಗಳ ಮೇಲೆ ಕಾಲ್ನಡಿಗೆಯಲ್ಲೋ ಕುದುರೆಯ ಮೇಲೋ ಓಡಾಡುವ ಹಕ್ಕನ್ನೂ ಕೊಟ್ಟಿತು. ನೀವು ಅಲ್ಲಿ ಕಾಲಿಡುವುದು ಆ ಹಕ್ಕಿನ ಬಲದಿಂದಲೇ.

ಬೇಲಿಯಿಲ್ಲದಿದ್ದರೆ ಕುರಿಗಳು ಕಲಸಿಹೋಗುವುದಿಲ್ಲವೆ? ಇಲ್ಲ. ಈ ಊರುಗಳ ಬದುಕಿನಲ್ಲಿ ನನಗೆ ಅತಿ ಸೋಜಿಗವೆನಿಸುವುದು ಇದೇ. ಪ್ರತಿ ಹಿಂಡಿಗೂ ಗುಡ್ಡದಲ್ಲಿ ತನ್ನದೊಂದು ಜಾಗವಿದೆ. ಅಲ್ಲಿಯ ಮಾತಿನಲ್ಲಿ ಅದು ‘ಲಿಯರ್’. ತಾಯಿಕುರಿ ಎಲ್ಲಿ ಮೇಯುತ್ತದೆ, ಗಾಳಿ ಬೀಸಿದಾಗ ಯಾವ ಬಂಡೆಯ ಮರೆಗೆ ಹೋಗುತ್ತದೆ, ಎಲ್ಲಿ ನೀರು ಕುಡಿಯುತ್ತದೆ ಎಂಬುದನ್ನು ಮರಿ ಅದರ ಬೆನ್ನಿಗೇ ನಡೆದು ಕಲಿಯುತ್ತದೆ. ದೊಡ್ಡದಾದ ಮೇಲೆ ಅದರ ಮರಿಗೆ ಕಲಿಸುತ್ತದೆ. ಹೊಲ ಮಾರಾಟವಾದಾಗ ಹಿಂಡನ್ನು ಹೊಲದ ಜೊತೆಗೇ ಬಿಟ್ಟುಹೋಗುವ ರೂಢಿ ಬಂದದ್ದು ಇದರಿಂದ. ಹೊಸ ಕುರಿ ತಂದು ಬಿಟ್ಟರೆ ಅದು ಅಲೆದು ಎಲ್ಲೋ ಹೋಗುತ್ತದೆ, ವರ್ಷಗಟ್ಟಲೆ ಕಾಯಬೇಕು. 2001ರಲ್ಲಿ ಬ್ರಿಟನ್ನಿಗೆ ಕಾಲುಬಾಯಿ ರೋಗ ಬಡಿದು ಅರವತ್ತು ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಂದರಲ್ಲ, ಡಾರ್ಟ್‌ಮೂರ್ ಇರುವ ಡೆವನ್ ಜಿಲ್ಲೆ ಆಗ ತುಂಬ ಪೆಟ್ಟು ತಿಂದಿತು. ಕುರಿಯ ಬೆಲೆಯನ್ನು ಪರಿಹಾರವಾಗಿ ಕೊಡಬಹುದು. ಗುಡ್ಡ ಬಲ್ಲ ಹಿಂಡು ಹೋದರೆ ಅದನ್ನು ಎಲ್ಲಿಂದ ತರುವುದು ಎಂಬುದು ಅಲ್ಲಿಯವರ ಚಿಂತೆಯಾಗಿತ್ತು.

ಮರವಿಲ್ಲದ ಗುಡ್ಡ ಎಂದಿರಿ. ಮರ ಇತ್ತು. ನಾಲ್ಕೈದು ಸಾವಿರ ವರ್ಷಗಳ ಹಿಂದೆ ಜನ ಕಡಿದು, ಸುಟ್ಟು, ಮೇಯಿಸಿ ಬಯಲು ಮಾಡಿದರು. ಆಮೇಲೆ ದನಕುರಿಯ ಬಾಯಿ ಅದನ್ನು ಬಯಲಾಗಿಯೇ ಇಟ್ಟಿತು. ಈಗಲೂ ಚಳಿಗಾಲದ ಕೊನೆಗೆ ಕಾಮನರ್‌ಗಳು ಹಳೆಯ ಹುಲ್ಲಿಗೂ ಗೋರ್ಸ್ ಎಂಬ ಮುಳ್ಳುಗಂಟಿಗೂ ಅಲ್ಲಲ್ಲಿ ಬೆಂಕಿಯಿಡುತ್ತಾರೆ. ಹೊಸ ಚಿಗುರು ಬರಲಿ ಎಂದು. ನೀವು ಹೋಗುವ ಹೊತ್ತಿಗೆ ಹೊಗೆ ಇರುವುದಿಲ್ಲ, ಹೂವಿರುತ್ತದೆ: ಹೆದರ್ ಎಂಬ ಕುರುಚಲು ಗಿಡದ ನೇರಳೆಯ ನಡುವೆ ಗೋರ್ಸ್‌ನ ಹಳದಿ. ಆಗಸ್ಟ್‌ನಲ್ಲಿ ಉಕ್ಕಿದ್ದು ಸೆಪ್ಟೆಂಬರ್ ಮೊದಲರ್ಧದಲ್ಲೂ ಅಷ್ಟಿಷ್ಟು ಉಳಿದಿರುತ್ತದೆ.

ಹಾಗಾಗಿ ಮೂರ್‌ಲ್ಯಾಂಡ್, ಅಂದರೆ ಇಂಥ ಬೋಳುಗುಡ್ಡದ, ಹಳ್ಳಿಗೆ ಹೋಗುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ್ದು, ತಾವು ಯಾರದೋ ದುಡಿಮೆಯ ಜಾಗದೊಳಗೆ ಹೋಗುತ್ತಿದ್ದೇವೆ ಎಂಬುದನ್ನು. ಪ್ರವಾಸಿಗರಿಗೆ ಹೇಳುವ ಕಟ್ಟಳೆಗಳೆಲ್ಲ ಅದರಿಂದಲೇ ಹುಟ್ಟಿದವು. ಪೋನಿಗೆ ತಿನ್ನಲು ಕೊಡಬಾರದು, ಅಲ್ಲಿ ಅದು ಕಾನೂನಿನ ಪ್ರಕಾರವೂ ತಪ್ಪು. ಬಿಸ್ಕತ್ತಿನ ರುಚಿ ಹತ್ತಿದ ಪೋನಿ ಕಾರು ಕಂಡರೆ ರಸ್ತೆಗಿಳಿಯುತ್ತದೆ, ಕತ್ತಲಲ್ಲಿ ಯಾವುದೋ ಕಾರಿಗೆ ಸಿಕ್ಕಿ ಸಾಯುತ್ತದೆ. ಗುಡ್ಡದ ರಸ್ತೆಗಳಲ್ಲಿ ಗಂಟೆಗೆ 40 ಮೈಲಿಯ ಮಿತಿ ಇಟ್ಟಿರುವುದೂ ಇದಕ್ಕೇ. ನಿಮ್ಮ ಮಗನಿಗೆ ನಾನು ಹೇಳುವುದಾದರೆ, ಸಂಜೆ 30 ಸಾಕು. ಹತ್ತಿರ ಹೋಗಿ ಮೈ ಸವರುವ ಆಸೆಯೂ ಬೇಡ. ಒದೆಯುತ್ತವೆ, ಕಚ್ಚುತ್ತವೆ. ದೂರವಿದ್ದರೆ ಅವುಗಳಿಂದ ನಿಮಗೆ ಏನೂ ಭಯವಿಲ್ಲ. ಗೇಟುಗಳ ವಿಷಯ ನಿಮಗೆ ಹೇಳಿಕೊಡುವುದು ಬೇಡ. ಉಣಗೋಲು ತೆಗೆದವರೇ ಹಾಕಬೇಕು ಎಂಬುದು ಗೊತ್ತಿದ್ದವರಿಗೆ ಅಲ್ಲಿ ಹೊಸದೇನಿಲ್ಲ.

ಇನ್ನು ಊರು. ಬರೆಯುವುದು ಹೇಗೇ ಇರಲಿ, ಅಲ್ಲಿಯವರ ಬಾಯಲ್ಲಿ ಅದು ‘ವಿಡಿಕಮ್’. ಪೂರ್ವ ವೆಬರ್ನ್ ಎಂಬ ಸಣ್ಣ ಹೊಳೆಯ ಕಣಿವೆಯಲ್ಲಿದೆ. ಎಕ್ಸಿಟರ್‌ನಿಂದ ಬೋವಿ ಟ್ರೇಸಿ ಪಟ್ಟಣದ ಮೇಲೆ ಹಾದು ಹೇಟರ್ ಗುಡ್ಡ ಹತ್ತಿ ಇಳಿದರೆ, ಇಳಿಜಾರಿನ ತುದಿಯಿಂದಲೇ ಇಗರ್ಜಿಯ ಗೋಪುರ ಕಾಣಿಸುತ್ತದೆ. ಊರೆಂದರೆ ನಡುವೆ ಒಂದು ಹುಲ್ಲಿನ ಬಯಲು, ಇಗರ್ಜಿ, ಅದರ ಪಕ್ಕ ಚರ್ಚ್ ಹೌಸ್, ಒಂದೆರಡು ಪಬ್ಬು, ಚಹಾದಂಗಡಿ, ಕೆಲವು ಕಲ್ಲಿನ ಮನೆ. ಉಳಿದವರೆಲ್ಲ ಸುತ್ತಲಿನ ಹೊಲಮನೆಗಳಲ್ಲಿ ಚದುರಿದ್ದಾರೆ. ಇವನ್ನೆಲ್ಲ ಸೇರಿಸಿ ಇಡೀ ಪ್ಯಾರಿಷ್ (ಗ್ರಾಮ) ಲೆಕ್ಕ ಹಾಕಿದರೂ ಐದಾರು ನೂರು ಜನ.

ಇಷ್ಟು ಸಣ್ಣ ಊರಿಗೆ ಸುಮಾರು 120 ಅಡಿಯ ಗೋಪುರ ಯಾಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ತವರದ ದುಡ್ಡು ಅದು. ಮಧ್ಯಯುಗದಲ್ಲಿ ಡಾರ್ಟ್‌ಮೂರ್‌ನ ಹೊಳೆಗಳಲ್ಲಿ ತವರದ ಅದಿರು ತೊಳೆದು ತೆಗೆಯುತ್ತಿದ್ದರು. ಆಶ್‌ಬರ್ಟನ್, ಚಾಗ್‌ಫರ್ಡ್, ಟ್ಯಾವಿಸ್ಟಾಕ್, ಪ್ಲಿಮ್ಟನ್‌ಗಳಲ್ಲಿ ಅದನ್ನು ತೂಗಿ ಮುದ್ರೆಯೊತ್ತುತ್ತಿದ್ದರು. ಸೇಂಟ್ ಪ್ಯಾಂಕ್ರಾಸ್ ಹೆಸರಿನ ಈ ಇಗರ್ಜಿಯನ್ನು ಜನ ‘ಮೂರ್‌ನ ಕ್ಯಾಥೆಡ್ರಲ್’ ಎಂದೇ ಕರೆಯುವುದು. ಒಳಗೆ ಹೋದಾಗ ತಲೆಯೆತ್ತಿ ಛಾವಣಿಯ ಮರದ ಗುಬುಟುಗಳನ್ನು ಹುಡುಕಿ. ಒಂದರಲ್ಲಿ ಮೂರು ಮೊಲಗಳು ಒಂದನ್ನೊಂದು ಅಟ್ಟಿಸಿಕೊಂಡು ಗುಂಡಗೆ ಓಡುತ್ತಿವೆ. ಪ್ರತಿ ಮೊಲಕ್ಕೂ ಎರಡು ಕಿವಿ ಕಾಣುತ್ತದೆ, ಎಣಿಸಿದರೆ ಒಟ್ಟು ಇರುವುದು ಮೂರೇ ಕಿವಿ. ನಡುವೆ ತ್ರಿಕೋನವಾಗಿ ಕೂಡಿಕೊಂಡು ಒಂದೊಂದು ಕಿವಿ ಇಬ್ಬಿಬ್ಬರಿಗೆ ಹಂಚಿಹೋಗಿದೆ. ಇದೇ ಚಿತ್ರ ಚೀನಾದ ದುನ್‌ಹುವಾಂಗ್ ಗುಹೆಗಳಲ್ಲೂ ಇದೆ, ಇದಕ್ಕಿಂತ ನೂರಾರು ವರ್ಷ ಹಿಂದಿನದು. ಅಲ್ಲಿಂದ ಇಲ್ಲಿಗೆ ಹೇಗೆ ಬಂತು ಎಂದು ಯಾರೂ ಖಡಾಖಂಡಿತವಾಗಿ ಹೇಳುವುದಿಲ್ಲ. ಯಜಮಾನರನ್ನು ಬೆಂಚಿನ ಮೇಲೆ ಕೂರಿಸಿ ತೋರಿಸಿ, ಕುತ್ತಿಗೆ ನೋಯುತ್ತದೆ.

ಅಲ್ಲೇ ಮರದ ಹಲಗೆಗಳ ಮೇಲೆ ಉದ್ದದ ಪದ್ಯವೊಂದಿದೆ. 1638ರ ಅಕ್ಟೋಬರ್ 21, ಭಾನುವಾರ, ಪ್ರಾರ್ಥನೆ ನಡೆಯುವಾಗ ಗುಡುಗುಸಿಡಿಲಿನ ಮಳೆ ಬಂದು, ಬೆಂಕಿಯ ಚೆಂಡಿನಂಥದೊಂದು ಒಳಗೆ ನುಗ್ಗಿ, ಗೋಪುರದ ಕಲ್ಲು ಕಳಚಿ ಬಿತ್ತು. ನಾಲ್ವರು ಸತ್ತರು, ಅರವತ್ತರಷ್ಟು ಜನ ಗಾಯಗೊಂಡರು. ಊರಿನ ಮೇಷ್ಟ್ರು ಅದನ್ನು ಪದ್ಯ ಕಟ್ಟಿದರು. ಜನ ಕತೆಯನ್ನೂ ಕಟ್ಟಿದರು: ಇಸ್ಪೀಟಾಡುತ್ತ ಪ್ರಾರ್ಥನೆಯಲ್ಲಿ ನಿದ್ದೆಹೋದವನನ್ನು ಒಯ್ಯಲು ಸೈತಾನ ಬಂದನಂತೆ, ದಾರಿಯಲ್ಲಿ ಪೌಂಡ್ಸ್‌ಗೇಟ್‌ನ ಪಬ್ಬಿನಲ್ಲಿ ಒಂದು ಲೋಟ ಬಿಯರ್ ಕುಡಿದನಂತೆ, ಅದು ಗಂಟಲಿಗಿಳಿಯುವಾಗ ಚುಂಯ್ ಎಂದಿತಂತೆ. ಆ ಪಬ್ಬು ಈಗಲೂ ಇದೆ. ಕೇಳಿದರೆ ಕತೆ ಹೇಳುತ್ತಾರೆ.

ಚರ್ಚ್ ಹೌಸ್ ಎಂದೆನಲ್ಲ, ಹದಿನಾರನೇ ಶತಮಾನದ ಆ ಗ್ರಾನೈಟ್ ಕಟ್ಟಡವನ್ನು ಸುಮ್ಮನೆ ದಾಟಿಹೋಗಬೇಡಿ. ಮೊದಲು ಅಲ್ಲಿ ಊರವರು ಬಿಯರ್ ಬೇಯಿಸಿ, ಹಬ್ಬದ ದಿನ ಮಾರಿ, ಇಗರ್ಜಿಯ ಖರ್ಚಿಗೆ ದುಡ್ಡು ಕೂಡಿಸುತ್ತಿದ್ದರು. ಆಮೇಲೆ ಬಡವರ ವಸತಿಯಾಯಿತು, ಆಮೇಲೆ ಶಾಲೆ. ಈಗ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯದು, ಊರಿನ ಸಭಾಭವನವಾಗಿ ಬಳಕೆಯಲ್ಲಿದೆ. ಊರಿನ ಸೂಚನಾಫಲಕದ ಮುಂದೆ ನಿಂತು ಓದಿ: ಯಾವ ದಿನ ಏನು, ಯಾವ ಸಂಜೆ ಎಲ್ಲಿ ಎಂಬುದೆಲ್ಲ ಅಲ್ಲಿರುತ್ತದೆ. ಪುಸ್ತಕದ ಮಾರ್ಗದರ್ಶಿಗಿಂತ ಆ ಚೀಟಿಗಳು ನಿಮಗೆ ಹೆಚ್ಚು ಉಪಯೋಗ. ಸುಗ್ಗಿಯ ಪ್ರಾರ್ಥನೆಯ ಹೊತ್ತು ಅದು; ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಯಾವುದೋ ಒಂದು ಭಾನುವಾರ ಇಗರ್ಜಿಯ ಕಿಟಕಿಗಳಲ್ಲೆಲ್ಲ ಕುಂಬಳ, ಸೇಬು, ಬ್ರೆಡ್ಡು ಜೋಡಿಸಿರುತ್ತಾರೆ. ಗಂಟೆ ಬಾರಿಸುವವರ ಅಭ್ಯಾಸದ ಸಂಜೆ ಸಿಕ್ಕರಂತೂ ಬಿಡಬೇಡಿ. ಡೆವನ್‌ನವರ ಗಂಟೆಯ ಪದ್ಧತಿಯೇ ಬೇರೆ. ಒಬ್ಬ ಮೇಳಗಾರ ಕೂಗಿ ಹೇಳುತ್ತಾನೆ, ಅಕ್ಕಪಕ್ಕದ ಎರಡು ಗಂಟೆಗಳು ಸರದಿ ಬದಲಿಸುತ್ತವೆ, ಮತ್ತೊಂದು ಕೂಗಿನವರೆಗೂ ಅದೇ ಸರದಿ ತಿರುಗುತ್ತಿರುತ್ತದೆ.

ಜನ ಮಾತಾಡುತ್ತಾರೆಯೇ ಎಂದು ಕೇಳಿದ್ದೀರಿ. ಮಾತಾಡುತ್ತಾರೆ, ಆದರೆ ನೀವು ಶುರುಮಾಡಬೇಕು, ಹವೆಯಿಂದ ಶುರುಮಾಡಬೇಕು. ಗುಡ್ಡದ ದಾರಿಯಲ್ಲಿ ಎದುರಾದವರಿಗೆಲ್ಲ ಒಂದು ‘ಗುಡ್ ಮಾರ್ನಿಂಗ್’ ಹೇಳುವುದು ರೂಢಿ. ಸುಮ್ಮನೆ ದಾಟಿಹೋದರೆ ಬಿಗುಮಾನ ಎಂದುಕೊಂಡಾರು. ಆಮೇಲೆ ಕುರಿಯನ್ನು ತೋರಿಸಿ ಇದು ಯಾವ ತಳಿ ಎಂದು ಕೇಳಿ. ಅಲ್ಲಿಗೆ ಅರ್ಧ ಗಂಟೆ ಹೋಯಿತು ಎಂದೇ ತಿಳಿಯಿರಿ. ಒಂದು ಮಾತು ಮಾತ್ರ ಬೇಡ: ನಿಮಗೆ ಎಷ್ಟೆಕರೆ, ಎಷ್ಟು ಕುರಿ? ನಮ್ಮಲ್ಲಿ ಇದು ಪರಿಚಯದ ಮೊದಲ ಪ್ರಶ್ನೆ, ಅಲ್ಲಿ ಬ್ಯಾಂಕಿನ ಪಾಸ್‌ಬುಕ್ ತೋರಿಸಿ ಎಂದಷ್ಟೇ ಮುಜುಗರದ್ದು. ನಿಮ್ಮ ತೋಟದ ಬಗ್ಗೆ ನೀವೇ ಹೇಳಿ. ಸೊಪ್ಪಿನ ಬೆಟ್ಟದ ಸುದ್ದಿ ಕೇಳಿದರೆ ಕಾಮನರ್ ಒಬ್ಬ ಪಬ್ಬಿನ ಕುರ್ಚಿ ಎಳೆದುಕೊಂಡು ಹತ್ತಿರ ಕೂತರೆ ನನಗೇನೂ ಆಶ್ಚರ್ಯವಿಲ್ಲ.

ಆತ ಕೂತರೆ ಜಗಳದ ವಿಷಯವೂ ಬರಬಹುದು, ಸ್ವಲ್ಪ ತಿಳಿದಿರಲಿ. ಗುಡ್ಡದಲ್ಲಿ ಮೇಯುವ ಜಾನುವಾರು ಹೆಚ್ಚಾಗಿ ಹೆದರ್ ಸೊರಗುತ್ತಿದೆ, ಪೀಟ್ ನೆಲ ಹಾಳಾಗುತ್ತಿದೆ ಎಂದು ಸರ್ಕಾರದ ನಿಸರ್ಗ ಸಲಹಾ ಸಂಸ್ಥೆಯಾದ ನ್ಯಾಚುರಲ್ ಇಂಗ್ಲೆಂಡ್ 2023ರಲ್ಲಿ ಸಂಖ್ಯೆ ಇಳಿಸಲು ಹೇಳಿತು. ಕುರಿ ಕಡಿಮೆಯಾದರೆ ಮೊಲಿನಿಯಾ ಎಂಬ ಒರಟು ಹುಲ್ಲು ಎಲ್ಲವನ್ನೂ ನುಂಗುತ್ತದೆ, ನಾವೂ ಮುಳುಗುತ್ತೇವೆ ಎಂದು ಕಾಮನರ್‌ಗಳು ಎದ್ದುನಿಂತರು. ಸರ್ಕಾರ ಡೇವಿಡ್ ಫರ್ಸ್‌ಡನ್ ಅವರ ಮುಂದಾಳತ್ವದಲ್ಲಿ ಸ್ವತಂತ್ರ ಪರಿಶೀಲನೆ ಮಾಡಿಸಿತು, ಆ ವರ್ಷದ ಡಿಸೆಂಬರ್‌ನಲ್ಲಿ ವರದಿ ಬಂತು. ವಾದ ಮುಗಿದಿಲ್ಲ. ಎರಡೂ ಕಡೆ ನಿಜವಿದೆ ಎಂದು ನನ್ನ ಅಂದಾಜು: ಎಷ್ಟು ಎಂಬುದಕ್ಕಿಂತ ಯಾವ ಪ್ರಾಣಿ, ಯಾವ ತಿಂಗಳು, ಗುಡ್ಡದ ಯಾವ ಭಾಗ ಎಂಬುದು ಮುಖ್ಯ. ಪಬ್ಬಿನಲ್ಲಿ ನೀವು ಈ ತೀರ್ಪು ಕೊಡಲು ಹೋಗಬೇಡಿ. ಮನೆಬೆಲೆಯ ಸಂಕಟವೂ ಇದೆ. ಪಟ್ಟಣದವರು ರಜೆಯ ಮನೆಯಾಗಿ ಕೊಂಡು ಬೆಲೆ ಏರಿ, ಊರ ಹುಡುಗರಿಗೇ ಊರಲ್ಲಿ ಮನೆ ಸಿಗದಂತಾಗುತ್ತದೆ. ಬ್ರಿಟನ್ನಿನ ಚೆಂದದ ಹಳ್ಳಿಗಳೆಲ್ಲದರ ಪಾಡು ಅದು.

ಈಗ ದಿನದ ವಿಚಾರ. ಸೆಪ್ಟೆಂಬರ್‌ನ ಎರಡನೆಯ ಮಂಗಳವಾರ ವಿಡಿಕಮ್ ಜಾತ್ರೆ. ಸಾಧ್ಯವಾದರೆ ಆ ಮಂಗಳವಾರ ಮತ್ತು ಬುಧವಾರ ಇಟ್ಟುಕೊಳ್ಳಿ. ಮೊದಲು ಕುರಿ, ದನ, ಪೋನಿಗಳ ವ್ಯಾಪಾರದ ಜಾತ್ರೆ, ಈಗ ಪ್ರದರ್ಶನ, ಪಂದ್ಯ. ಹಳೆಯ ಜನಪದ ಹಾಡೊಂದರಲ್ಲಿ ಬೂದುಬಣ್ಣದ ಹೆಣ್ಣುಕುದುರೆ ಸಾಲ ಪಡೆದು ಗುಂಪುಗುಂಪಾಗಿ ಈ ಜಾತ್ರೆಗೆ ಹೊರಟವರ ಕತೆಯಿದೆ. ಕುದುರೆ ಪಾಪ ಸತ್ತುಹೋಗುತ್ತದೆ. ಆ ಹಾಡಿನಲ್ಲಿ ಬರುವ ಅಂಕಲ್ ಟಾಮ್ ಕಾಬ್ಲಿಯ ವೇಷ ಹಾಕಿದವರೊಬ್ಬರು ಜಾತ್ರೆಯ ದಿನ ಬೂದುಕುದುರೆಯ ಮೇಲೆ ಬರುತ್ತಾರೆ. ಜನ ಅದಕ್ಕೆ ಮುಗಿಬೀಳುತ್ತಾರೆ. ನಾನಾದರೆ ಕುರಿಯ ದೊಡ್ಡಿಗಳ ಹತ್ತಿರ ನಿಲ್ಲುತ್ತೇನೆ. ತೀರ್ಪುಗಾರ ಕುರಿಯ ಬೆನ್ನಿನ ಮೇಲೆ ಕೈ ಅಗಲಿಸಿಟ್ಟು ಉಣ್ಣೆಯೊಳಗೆ ಬೆರಳಾಡಿಸುವುದು, ತುಟಿ ಸರಿಸಿ ಹಲ್ಲು ನೋಡುವುದು, ಒಂದಡಿ ಹಿಂದೆ ಸರಿದು ಕಾಲು ನೋಡುವುದು, ಮಾಲೀಕ ಏನೂ ಆಗದವನಂತೆ ಆಕಾಶ ನೋಡುತ್ತ ನಿಲ್ಲುವುದು. ಭಾಷೆ ಬೇಕಿಲ್ಲದ ನಾಟಕ. ಡೇರೆಯೊಳಗೆ ಮನೆಯಲ್ಲಿ ಬೆಳೆದ ತರಕಾರಿ, ಮಾಡಿದ ಜಾಮುಗಳ ಸ್ಪರ್ಧೆ. ಅಲ್ಲಿ ನಿಮ್ಮಷ್ಟು ಖುಷಿ ನಿಮ್ಮ ಮಗನಿಗೆ ಆಗಲಿಕ್ಕಿಲ್ಲ. ಅಂದು ಬೆಳಗ್ಗೆ ಬೇಗ ಹೋಗಬೇಕು, ತಡವಾದರೆ ಆ ಕಿರಿದಾದ ರಸ್ತೆಗಳಲ್ಲಿ ಕಾರುಗಳ ಸಾಲಿನಲ್ಲೇ ಮಧ್ಯಾಹ್ನವಾಗುತ್ತದೆ. ಮರುದಿನ ಊರು ಊರಿನವರ ಪಾಲಿಗೆ ಮರಳಿರುತ್ತದೆ. ಇಗರ್ಜಿ, ಚರ್ಚ್ ಹೌಸ್ ಅವತ್ತು ನೋಡಿ.

ಮಂಡಿನೋವಿನವರಿಗೆ ಹೇಟರ್ ಸರಿ. 457 ಮೀಟರ್ ಎತ್ತರದ ಗ್ರಾನೈಟ್ ಬಂಡೆ, ಬುಡದವರೆಗೆ ಇಳಿಜಾರಿನ ಹುಲ್ಲು, ಕಾರು ನಿಲ್ಲುವ ಜಾಗ ಹತ್ತಿರ. ಬಂಡೆ ಹತ್ತುವುದು ಬೇಡ, ಅದರ ಉತ್ತರಕ್ಕೆ ಹುಲ್ಲಿನಲ್ಲಿ ಹೂತಿರುವ ಕಲ್ಲಿನ ಹಳಿ ತೋರಿಸಿ. 1820ರಲ್ಲಿ ಹಾಕಿದ್ದು. ಕಬ್ಬಿಣ ದುಬಾರಿ, ಗ್ರಾನೈಟ್ ಕಾಲಡಿಯಲ್ಲೇ ಇತ್ತು. ಕಲ್ಲಿನ ಚಪ್ಪಡಿಗಳಿಗೆ ಒಂದಂಚು ಬಿಟ್ಟು ಕೆತ್ತಿ ಹಳಿ ಮಾಡಿ, ಕುದುರೆ ಕಟ್ಟಿದ ಬಂಡಿಗಳಲ್ಲಿ ಗಣಿಯ ಕಲ್ಲನ್ನು ಕಾಲುವೆಗೆ ಇಳಿಸಿದರು. 1831ರಲ್ಲಿ ತೆರೆದ ಲಂಡನ್ ಬ್ರಿಜ್‌ಗೆ ಹೋದದ್ದು ಈ ಕಲ್ಲೇ. ಆ ಸೇತುವೆಯನ್ನು 1968ರಲ್ಲಿ ಅಮೆರಿಕದವರು ಕೊಂಡು ಅರಿಜೋನಾಕ್ಕೆ ಒಯ್ದರು. ಮಗನ ಜೊತೆ ನೀವು ನಡೆಯುವುದಾದರೆ ಹೌಂಡ್ ಟರ್ ಎಂಬ ಬಂಡೆಗುಡ್ಡದ ಕೆಳಗಿನ ಪಾಳುಹಳ್ಳಿ ನೋಡಿ. ಹದಿನಾಲ್ಕನೇ ಶತಮಾನದ ಹೊತ್ತಿಗೆ ಜನ ಬಿಟ್ಟುಹೋದ ಮನೆಗಳ ಅಡಿಪಾಯ. ಉದ್ದನೆಯ ಒಂದೇ ಮನೆ, ಮೇಲ್ಗಡೆ ಮನುಷ್ಯರು, ಇಳಿಜಾರಿನ ಕೆಳಗಡೆ ದನ. ಗಂಜಲ ಹೊರಗೆ ಹರಿಯಲಿ ಎಂಬ ಲೆಕ್ಕ. ಅಲ್ಲಿಂದ ಸ್ವಲ್ಪ ದೂರದಲ್ಲಿ ರಸ್ತೆಬದಿಗೆ ಜೇ ಎಂಬ ಅನಾಥ ಹುಡುಗಿಯ ಗೋರಿ. ಹೊಲಮನೆಯ ಆಳಾಗಿದ್ದವಳು, ನೇಣು ಹಾಕಿಕೊಂಡಳು, ಆತ್ಮಹತ್ಯೆ ಎಂದು ಕೂಡುರಸ್ತೆಯಲ್ಲಿ ಹೂತರು ಎಂಬುದು ಊರ ನಂಬಿಕೆ. ಯಾವಾಗ ಹೋದರೂ ಆ ಗೋರಿಯ ಮೇಲೆ ಹೊಸ ಹೂವಿರುತ್ತದೆ.

ಊಟ. ಇಂಗ್ಲೆಂಡಿನಲ್ಲಿ ‘ವೆಜಿಟೇರಿಯನ್’ ಎಂದರೆ ಮೊಟ್ಟೆ ಸೇರಿರಬಹುದು, ಇದನ್ನು ಮರೆಯಬೇಡಿ. ‘ವೀಗನ್’ ಗುರುತಿನದರಲ್ಲಿ ಮೊಟ್ಟೆ ಇರುವುದಿಲ್ಲ, ಹಾಲೂ ಇರುವುದಿಲ್ಲ. ಸುಟ್ಟ ದೊಡ್ಡ ಆಲೂಗಡ್ಡೆಯನ್ನು ಸೀಳಿ ಬೆಣ್ಣೆ, ಬೇಯಿಸಿದ ಬೀನ್ಸ್ ಹಾಕಿ ಕೊಡುತ್ತಾರೆ, ನಿಶ್ಚಿಂತೆಯಿಂದ ತಿನ್ನಿ. ಕರಿದ ಆಲೂಗಡ್ಡೆಗೆ ಯಾವ ಎಣ್ಣೆ ಎಂದು ಕೇಳಿ. ಡೆವನ್‌ನ ಕ್ರೀಮ್ ಟೀ ತಪ್ಪಿಸಬಾರದು: ಸ್ಕೋನ್ ಎಂಬ ಮೆತ್ತನೆಯ ಬನ್ನು, ಜಾಮು, ಹಾಲಿನ ಕೆನೆಗಿಂತ ಗಟ್ಟಿ ಬೆಣ್ಣೆಗಿಂತ ಮೆತ್ತಗಿರುವ ಕ್ಲಾಟೆಡ್ ಕ್ರೀಮ್. ಇಲ್ಲಿ ಕೆನೆ ಮೊದಲು, ಜಾಮು ಮೇಲೆ. ಪಕ್ಕದ ಕಾರ್ನ್‌ವಾಲ್‌ನಲ್ಲಿ ತಿರುವುಮುರುವು, ಅದರ ಮೇಲೆ ಎರಡು ಜಿಲ್ಲೆಗೂ ತಮಾಷೆಯ ಹಗೆ. ಸ್ಕೋನ್‌ಗೆ ಕೆಲವರು ಮೊಟ್ಟೆ ಹಾಕುತ್ತಾರೆ, ಕೆಲವರು ಇಲ್ಲ, ಕೇಳಿಯೇ ತಗೊಳ್ಳಿ. ಪಬ್ಬಿಗೆ ಹೋಗಲು ಮುಜುಗರ ಬೇಡ. ಅದು ಊರಿನ ಜಗಲಿ, ಚಹಾ, ನಿಂಬೆ ಪಾನಕ ಕುಡಿದು ಕೂತರೂ ಯಾರೂ ಏನೂ ಅನ್ನರು. ಊರ ನಡುವೆ ಓಲ್ಡ್ ಇನ್ ಇದೆ, ಸ್ವಲ್ಪ ಕೆಳಗೆ ರಗಲ್‌ಸ್ಟೋನ್ ಇನ್. ಎರಡನೆಯದು ಸಣ್ಣದು, ನನಗೆ ಅದೇ ಇಷ್ಟ. ಸಾಮಾನ್ಯವಾಗಿ ಕೌಂಟರಿನ ಹತ್ತಿರ ಹೋಗಿ ಹೇಳಿ ತರಬೇಕು, ಮೇಜಿಗೆ ಬಂದು ಕೇಳುತ್ತಾರೆಂದು ಕಾದರೆ ಕಾಯುತ್ತಲೇ ಇರುತ್ತೀರಿ. ಮಧ್ಯಾಹ್ನ ಎರಡರ ಸುಮಾರಿಗೆ ಅಡುಗೆಮನೆ ಮುಚ್ಚಿ ಸಂಜೆಯೇ ತೆರೆಯುವ ಕಡೆಗಳು ಬಹಳ, ಅದಕ್ಕೇ ಒಂದು ಡಬ್ಬಿ ಅವಲಕ್ಕಿ ಜೊತೆಗಿರಲಿ.

ಕಾರು ಬೇಕೇ ಬೇಕು; ಬಸ್ಸು ಬೇಸಿಗೆಯ ಕೆಲವು ದಿನಗಳಿಗಷ್ಟೆ, ನಂಬಿಕೊಂಡು ಹೋಗುವಂಥದಲ್ಲ. ರಸ್ತೆ ಒಂದು ಕಾರಿನಷ್ಟಗಲ, ಎರಡೂ ಕಡೆ ಆಳೆತ್ತರದ ಮಣ್ಣುಕಲ್ಲಿನ ದಿಬ್ಬ. ಎದುರಿಂದ ವಾಹನ ಬಂದರೆ ಅಗಲವಾದ ಜಾಗಕ್ಕೆ ಹತ್ತಿರವಿದ್ದವರು ಹಿಂದೆ ಸರಿಯಬೇಕು. ಟ್ರ್ಯಾಕ್ಟರಿಗೆ ಕುರಿಗಾಡಿ ಕಟ್ಟಿಕೊಂಡು ಬಂದವನು ಹಿಂದೆ ಸರಿಯಲಾರ, ಹಾಗಾಗಿ ಸರಿಯಬೇಕಾದವನು ನಿಮ್ಮ ಮಗನೇ. ದಾರಿ ಬಿಟ್ಟವರಿಗೆ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತಿದರೆ ಸಾಕು, ಅದೇ ನಮಸ್ಕಾರ. ಹೊರಡುವ ಮೊದಲು ಅವನು ಎಕ್ಸಿಟರ್‌ನ ಯಾವುದಾದರೂ ಖಾಲಿ ಜಾಗದಲ್ಲಿ ರಿವರ್ಸ್ ಚೆನ್ನಾಗಿ ಅಭ್ಯಾಸ ಮಾಡಿಕೊಳ್ಳಲಿ.

ಬಟ್ಟೆಬರೆ: ಸೀರೆಯ ಮೇಲೆ ಗಾಳಿ ತಡೆಯುವ ಜಾಕೆಟ್ಟು, ಕಾಲಿಗೆ ಹಿಡಿತವಿರುವ ಬೂಟು. ಕೊಡೆ ಬಿಟ್ಟುಹೋಗಿ, ಗಾಳಿಗೆ ನಿಲ್ಲುವುದಿಲ್ಲ. ಮಲೆನಾಡಿನವರಿಗೆ ಅಲ್ಲಿಯ ಮಳೆ ಮಳೆಯೇ ಅಲ್ಲ ಅನ್ನಿಸೀತು. ಮಂಜನ್ನು ಮಾತ್ರ ಹಗುರವಾಗಿ ತಗೊಳ್ಳಬೇಡಿ. ಹತ್ತು ನಿಮಿಷದಲ್ಲಿ ಗುಡ್ಡವೇ ಮಾಯವಾಗುತ್ತದೆ, ಮೊಬೈಲ್ ಸಿಗ್ನಲ್ ಅನೇಕ ಕಡೆ ಇಲ್ಲ. ದಾರಿ ಬಿಟ್ಟು ಹೋದಾಗ ಕಣ್ಣಿಗೆ ಕುಕ್ಕುವಷ್ಟು ಹಸಿರಾದ ತೇಪೆ ಕಂಡರೆ ಅದು ಹುದುಲು, ಸುತ್ತುಹಾಕಿ ಹೋಗಿ. ಯಜಮಾನರ ಮಂಡಿಪಟ್ಟಿಯನ್ನು ಕೈಚೀಲದಲ್ಲೇ ಇಡಿ, ವಿಮಾನದ ಲಗೇಜಿಗೆ ಹಾಕಬೇಡಿ.